ಜಾಮೀನಿನ ಭಾರಕ್ಕೆ ಬಾಗಿದ ರಾಜಧಾನಿ: ಪೆನ್ಸಿಲ್ವೇನಿಯದ ಹ್ಯಾರಿಸ್‌ಬರ್ಗ್

ಅಮೇರಿಕದ ಪೆನ್ಸಿಲ್ವೇನಿಯ ರಾಜ್ಯದ ರಾಜಧಾನಿ ಯಾವುದೆಂದು ಕೇಳಿದರೆ ನಮ್ಮಲ್ಲಿ ಬಹುತೇಕರು ಫಿಲಡೆಲ್ಫಿಯ ಎಂದೇ ಉತ್ತರಿಸುವರು. ಅಲ್ಲಿ ನೆಲೆಸಿರುವ ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೋಡಿಬರಲು ಹೋಗುವ ನಮ್ಮ ಹಿರಿಯರು ಕಂಡುಬರುವುದೂ ಸ್ವಾತಂತ್ರ್ಯ ಘಂಟೆಯಿರುವ ಆ ಮಹಾನಗರವನ್ನೇ. ಆದರೆ ರಾಜ್ಯದ ಶಾಸನಸಭೆ ಸೇರುವುದು ಅಲ್ಲಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕಿರುವ ಹ್ಯಾರಿಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ರಾಜ್ಯದ ಜನಸಂಖ್ಯೆ 1 ಕೋಟಿ 30 ಲಕ್ಷ. ರಾಜಧಾನಿಯ ಜನಸಂಖ್ಯೆ 2020ರ ಜನಗಣತಿಯಂತೆ ಕೇವಲ 50,099. ಮುಂಬಯಿಯ ಒಂದು ಉಪನಗರದ ಒಂದು ಮೂಲೆಯಲ್ಲಿಯೇ ಇದಕ್ಕಿಂತ ಹೆಚ್ಚು ಮಂದಿ ವಾಸವಾಗಿದ್ದಾರೆ.

ಇಷ್ಟು ಚಿಕ್ಕ ಊರಿನ ಕಥೆ ನಮಗೇಕೆ ಎಂಬ ಪ್ರಶ್ನೆ ಸಹಜವಾದುದು. ಮೂರು ದಶಕಗಳ ಕಾಲ ಬ್ಯಾಂಕಿನಲ್ಲಿ ಸಾಲದ ಕಾಗದಗಳ ನಡುವೆಯೇ ಕಳೆದ ನನ್ನಂಥವನಿಗೆ ಈ ಊರು ಬೇರೆಯೇ ಕಾರಣಕ್ಕಾಗಿ ಮುಖ್ಯವೆನಿಸುತ್ತದೆ. ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರವೊಂದರ ದೊಡ್ಡ ರಾಜ್ಯದ ರಾಜಧಾನಿಯು 2011ರಲ್ಲಿ ತಾನು ದಿವಾಳಿಯಾಗಿರುವೆನೆಂದು ನ್ಯಾಯಾಲಯದ ಬಾಗಿಲು ತಟ್ಟಿತು. ಅದೇ ಊರಿನ ಸುತ್ತಮುತ್ತ ಇಂದು ಮತ್ತೆ ಕೋಟಿಗಟ್ಟಲೆ ಡಾಲರುಗಳ ಮಾತು ಕೇಳಿಬರುತ್ತಿದೆ. ಹೀಗಾಗಿ ಈ ನಗರದ ನೆಲ, ಚರಿತ್ರೆ, ಜನ ಮತ್ತು ಲೆಕ್ಕಪತ್ರಗಳನ್ನು ಒಟ್ಟಿಗೆ ನೋಡುವುದು ಉಪಯುಕ್ತವೆಂದು ಭಾವಿಸುತ್ತೇನೆ.

ನದಿ ಕಟ್ಟಿದ ಊರು

ಹ್ಯಾರಿಸ್‌ಬರ್ಗ್ ಸಸ್ಕ್ವೆಹಾನ ನದಿಯ ಪೂರ್ವ ದಂಡೆಯ ಮೇಲಿದೆ. ಸುಮಾರು 715 ಕಿಲೋಮೀಟರ್ ಹರಿದು ಚೆಸಾಪೀಕ್ ಕೊಲ್ಲಿಯನ್ನು ಸೇರುವ ಈ ನದಿಯು, ನಗರದ ಉತ್ತರಕ್ಕಿರುವ ಬೆಟ್ಟಸಾಲುಗಳನ್ನು ಸೀಳಿಕೊಂಡು ಬಂದು ಇಲ್ಲಿ ಬಯಲಿಗೆ ಇಳಿಯುತ್ತದೆ. ಪಾತ್ರ ಬಹಳ ಅಗಲ, ಆಳ ಮಾತ್ರ ಕಡಿಮೆ. ಆದ್ದರಿಂದ ದೊಡ್ಡ ಹಡಗುಗಳು ಇಲ್ಲಿಗೆ ಬರಲಾರವು. ಬಂದರಾಗಲಾರದ ಈ ಸ್ಥಳ ನದಿಯನ್ನು ದಾಟುವ ಕಡವಾಗಿ ಬೆಳೆಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜಾನ್ ಹ್ಯಾರಿಸ್ ಎಂಬ ಇಂಗ್ಲಿಷ್ ವ್ಯಾಪಾರಿ ಇಲ್ಲಿ ನೆಲೆಯೂರಿ, ಪಶ್ಚಿಮಕ್ಕೆ ವಲಸೆ ಹೊರಟವರನ್ನು ದೋಣಿಯಲ್ಲಿ ದಾಟಿಸುವ ವೃತ್ತಿಯನ್ನು ಆರಂಭಿಸಿದನು. ಅದೇ ಹೆಸರಿನ ಅವನ ಮಗನು 1785ರಲ್ಲಿ ಬೀದಿಗಳನ್ನು ಗೊತ್ತುಪಡಿಸಿ ಪಟ್ಟಣವನ್ನು ರೂಪಿಸಿದನು. ಸರಕಾರಿ ಕಟ್ಟಡಗಳಿಗೆಂದು ಕೆಲವು ಎಕರೆ ಭೂಮಿಯನ್ನೂ ಮೀಸಲಿಟ್ಟನು. ಅವನ ದೂರದೃಷ್ಟಿ ಫಲಿಸಿತು. ಜನ ಒಳನಾಡಿಗೆ ಸರಿದಂತೆಲ್ಲ ರಾಜಧಾನಿಯೂ ಸರಿಯಬೇಕೆಂಬ ಕೂಗು ಎದ್ದಿತು. ಫಿಲಡೆಲ್ಫಿಯದಿಂದ 1799ರಲ್ಲಿ ಲ್ಯಾಂಕಾಸ್ಟರಿಗೂ ಅಲ್ಲಿಂದ 1812ರಲ್ಲಿ ಹ್ಯಾರಿಸ್‌ಬರ್ಗಿಗೂ ಸರಕಾರವು ಸ್ಥಳಾಂತರಗೊಂಡಿತು.

ದೋಣಿಯ ಬಳಿಕ ರೈಲು ಬಂದಿತು. ಊರು ರೈಲ್ವೆಯ ದೊಡ್ಡ ಕೂಡುದಾಣವಾಯಿತು. ನೆರೆಯ ಸ್ಟೀಲ್ಟನ್ನಿನಲ್ಲಿ ಉಕ್ಕಿನ ಕಾರ್ಖಾನೆ ತಲೆಯೆತ್ತಿತು. ಅಂತರ್ಯುದ್ಧದ ಕಾಲದಲ್ಲಿ ಇಲ್ಲಿನ ಕ್ಯಾಂಪ್ ಕರ್ಟಿನ್ ಶಿಬಿರದ ಮೂಲಕ ಉತ್ತರ ಪಕ್ಷದ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರು ಹಾದುಹೋದರು. 1863ರ ಜೂನ್ ಅಂತ್ಯದಲ್ಲಿ ದಕ್ಷಿಣದ ಸೈನ್ಯವು ನದಿಯ ಆಚೆ ದಂಡೆಯ ಸಮೀಪದವರೆಗೂ ಬಂದಿತ್ತು. ಗೆಟ್ಟಿಸ್‌ಬರ್ಗಿನತ್ತ ಅದನ್ನು ಹಿಂದಕ್ಕೆ ಕರೆಸಿಕೊಳ್ಳದಿದ್ದರೆ ಕದನ ಈ ಊರಿನಲ್ಲಿಯೇ ನಡೆಯಬಹುದಿತ್ತು. 1902ರಲ್ಲಿ ಪೂರ್ಣಗೊಂಡ 48 ಕಮಾನುಗಳ ರಾಕ್‌ವಿಲ್ ಕಲ್ಲು ಸೇತುವೆಯ ಮೇಲೆ ಇಂದಿಗೂ ರೈಲುಗಳು ಓಡುತ್ತಿವೆ.

ನಗರದ ಕಿರೀಟವೆಂದರೆ ಶಾಸನಸಭಾ ಭವನ. ಹಳೆಯ ಭವನ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ರೋಮಿನ ಸಂತ ಪೀಟರರ ದೇವಾಲಯದ ಗೋಪುರವನ್ನು ನೆನಪಿಸುವ ಹಸಿರು ಹೆಂಚಿನ ಗುಮ್ಮಟವುಳ್ಳ ಈಗಿನ ಭವನವನ್ನು 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಬಂದು ಉದ್ಘಾಟಿಸಿದರು. ಭವನವೇನೋ ಭವ್ಯವಾಗಿತ್ತು. ಆದರೆ ಮೇಜು, ಕುರ್ಚಿ, ದೀಪಗಳ ಲೆಕ್ಕವನ್ನು ಅಡಿ ಮತ್ತು ತೂಕದ ಅಳತೆಯಲ್ಲಿ ಹಾಕಿ ಕೋಟಿಗಟ್ಟಲೆ ರೂಪಾಯಿ ಬೆಲೆಯ ಡಾಲರುಗಳನ್ನು ನುಂಗಿದ್ದು ಆಗಿನ ರಾಜ್ಯ ಖಜಾಂಚಿ ವಿಲಿಯಂ ಬೆರಿ ಅವರ ಪರಿಶೀಲನೆಯಿಂದ ಹೊರಬಿತ್ತು. ಗುತ್ತಿಗೆದಾರನಿಗೂ ಮಾಜಿ ಅಧಿಕಾರಿಗಳಿಗೂ ಮುಂದೆ ವಾಸ್ತುಶಿಲ್ಪಿ ಜೋಸೆಫ್ ಹ್ಯೂಸ್ಟನ್ನನಿಗೂ ವಿರುದ್ಧವಾಗಿ ನ್ಯಾಯಾಲಯದ ತೀರ್ಪು ಬಂದಿತು. ಸಾರ್ವಜನಿಕ ಹಣದ ಬಗೆಗಿನ ಅಜಾಗ್ರತೆ ಈ ಊರಿಗೆ ಹೊಸತಲ್ಲವೆಂಬುದಕ್ಕೆ ಮಾತ್ರ ಇದನ್ನು ಇಲ್ಲಿ ಸ್ಮರಿಸಿದೆ.

ಖಾಲಿಯಾದ ಮನೆಗಳು, ತೆರಿಗೆಯಿಲ್ಲದ ಕಟ್ಟಡಗಳು

1950ರಲ್ಲಿ ಹ್ಯಾರಿಸ್‌ಬರ್ಗಿನ ಜನಸಂಖ್ಯೆ 89,544 ಇದ್ದಿತು. 2000ದಲ್ಲಿ ಅದು 48,950ಕ್ಕೆ ಇಳಿದಿತ್ತು. ಅರ್ಧ ಶತಮಾನದಲ್ಲಿ ಊರು ಹತ್ತಿರಹತ್ತಿರ ಅರ್ಧದಷ್ಟು ಜನರನ್ನು ಕಳೆದುಕೊಂಡಿತು. ಆದರೆ ಪ್ರದೇಶವೇನೂ ಬಡವಾಗಲಿಲ್ಲ. ಸುತ್ತಲಿನ ಉಪನಗರಗಳೂ ಸೇರಿದ ಮಹಾನಗರ ವಲಯದಲ್ಲಿ ಇಂದು ಆರು ಲಕ್ಷದ ಸಮೀಪ ಜನರಿದ್ದಾರೆ. ಹೆದ್ದಾರಿಗಳು ಬಂದವು, ಕಾರುಗಳು ಬಂದವು, ಉಕ್ಕಿನ ಉದ್ಯೋಗ ಕುಗ್ಗಿತು. ಅನುಕೂಲವಂತ ಬಿಳಿಯ ಕುಟುಂಬಗಳು ನದಿಯಾಚೆಯ ಹೊಸ ಬಡಾವಣೆಗಳಿಗೆ ಹೊರಟುಹೋದವು. 1972ರ ಜೂನಿನಲ್ಲಿ ಆಗ್ನೆಸ್ ಚಂಡಮಾರುತ ತಂದ ಮಹಾಪೂರವು ನದಿತೀರದ ಗವರ್ನರರ ನಿವಾಸವನ್ನೂ ಬಿಡದೆ ಮುಳುಗಿಸಿತು. 1979ರ ಮಾರ್ಚ್ 28ರಂದು ಊರಿನಿಂದ ಸುಮಾರು 16 ಕಿಲೋಮೀಟರ್ ದೂರದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದ ಎರಡನೆಯ ಘಟಕದ ಅಂತರ್ಭಾಗ ಭಾಗಶಃ ಕರಗಿದಾಗ ಸುಮಾರು 1,40,000 ಜನರು ತಾವಾಗಿಯೇ ಮನೆ ಬಿಟ್ಟು ಹೋದರು. ಅವರಲ್ಲಿ ಬಹುಪಾಲು ಜನರು ಮರಳಿ ಬಂದರಾದರೂ, ಅಮೇರಿಕದ ಅಣುಶಕ್ತಿಯ ಚರಿತ್ರೆಯಲ್ಲಿ ಈ ನದಿಯ ನಡುಗಡ್ಡೆಯ ಹೆಸರು ಕಪ್ಪು ಅಕ್ಷರಗಳಲ್ಲಿ ದಾಖಲಾಯಿತು.

ನಗರದೊಳಗೆ ಉಳಿದವರು ಹೆಚ್ಚಾಗಿ ಕಪ್ಪು ಜನಾಂಗದವರು, ವೃದ್ಧರು ಮತ್ತು ಬಡವರು. ಅವರ ಜೊತೆಗೆ ಉಳಿದವು ಸರಕಾರಿ ಕಚೇರಿಗಳು. ಇಲ್ಲಿಯೇ ಈ ಕಥೆಯ ಗಂಟು ಇರುವುದು. ಅಮೇರಿಕದ ನಗರಾಡಳಿತಕ್ಕೆ ಆಸ್ತಿ ತೆರಿಗೆಯೇ ಜೀವಾಳ. ರಾಜ್ಯ ಸರಕಾರದ ಕಟ್ಟಡಗಳು, ಚರ್ಚುಗಳು, ಆಸ್ಪತ್ರೆಗಳು ಮೊದಲಾದವು ಈ ತೆರಿಗೆಯಿಂದ ವಿನಾಯಿತಿ ಪಡೆದಿವೆ. ಹ್ಯಾರಿಸ್‌ಬರ್ಗಿನ ಆಸ್ತಿಯ ಹೆಚ್ಚುಕಡಿಮೆ ಅರ್ಧ ಭಾಗ ಇಂಥದು. ಹಗಲು ಹೊತ್ತಿನಲ್ಲಿ ಸಾವಿರಾರು ನೌಕರರು ಕಾರುಗಳಲ್ಲಿ ಬರುತ್ತಾರೆ, ನಗರದ ರಸ್ತೆ, ದೀಪ, ಪೋಲಿಸು, ಅಗ್ನಿಶಾಮಕ ದಳಗಳ ಸೇವೆಯನ್ನು ಪಡೆಯುತ್ತಾರೆ, ಸಂಜೆಯಾಗುತ್ತಲೆ ತಮ್ಮ ಉಪನಗರಗಳಿಗೆ ತೆರಳಿ ಅಲ್ಲಿ ತೆರಿಗೆ ಕಟ್ಟುತ್ತಾರೆ. ರಾಜಧಾನಿಯೆಂಬ ಗೌರವ ನಗರಕ್ಕೆ. ಅದರ ಖರ್ಚು ಅಲ್ಲಿ ವಾಸಿಸುವ ಐವತ್ತು ಸಾವಿರ ಜನರಿಗೆ.

ಇದು ನಮಗೆ ಅಪರಿಚಿತವಾದ ಸಮಸ್ಯೆಯಲ್ಲ. ನಮ್ಮ ಸಂವಿಧಾನದ 285ನೆಯ ವಿಧಿಯು ಕೇಂದ್ರ ಸರಕಾರದ ಆಸ್ತಿಯನ್ನು ರಾಜ್ಯದ ಹಾಗೂ ಸ್ಥಳೀಯ ಸಂಸ್ಥೆಗಳ ತೆರಿಗೆಯಿಂದ ಮುಕ್ತಗೊಳಿಸಿದೆ. ಆದ್ದರಿಂದಲೇ ರೈಲ್ವೆ, ರಕ್ಷಣೆ ಮೊದಲಾದ ಇಲಾಖೆಗಳ ಭೂಮಿಗೆ ಸಂಬಂಧಿಸಿ ತೆರಿಗೆಯ ಬದಲಿಗೆ ಸೇವಾ ಶುಲ್ಕ ಎಷ್ಟು ಎಂಬ ಚರ್ಚೆ ನಮ್ಮ ಮಹಾನಗರಪಾಲಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ವ್ಯತ್ಯಾಸವೆಂದರೆ ಮುಂಬಯಿ, ಚೆನ್ನೈಗಳಂಥ ನಗರಗಳಿಗೆ ವ್ಯಾಪಾರ ಉದ್ಯಮಗಳ ಆಧಾರವಿದೆ. ಹ್ಯಾರಿಸ್‌ಬರ್ಗಿಗೆ ಅದು ಇರಲಿಲ್ಲ.

ಕಸದ ಕುಲುಮೆ ನುಂಗಿದ ಖಜಾನೆ

ಆದಾಯ ಕುಗ್ಗಿದ ಮನೆಯವರು ಎರಡು ಹಾದಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಖರ್ಚನ್ನು ಕಡಿಮೆ ಮಾಡುವುದು ಅಥವಾ ಸಾಲ ಮಾಡಿ ಅದೃಷ್ಟವನ್ನು ಪರೀಕ್ಷಿಸುವುದು. 1982ರಿಂದ 2010ರ ಆರಂಭದವರೆಗೆ ಮೇಯರರಾಗಿದ್ದ ಸ್ಟೀಫನ್ ರೀಡ್ ಅವರು ಎರಡನೆಯ ಹಾದಿಯನ್ನು ಹಿಡಿದರು. ಪಾಳುಬಿದ್ದಿದ್ದ ಊರಿಗೆ ಅವರು ಜೀವ ತುಂಬಿದರೆಂಬುದು ನಿಜ. ನದಿಯ ನಡುವಿನ ದ್ವೀಪದಲ್ಲಿ ಬೇಸ್‌ಬಾಲ್ ಕ್ರೀಡಾಂಗಣವಾಯಿತು, ಹೋಟೆಲುಗಳು ಬಂದವು, 2001ರಲ್ಲಿ ಅಂತರ್ಯುದ್ಧದ ರಾಷ್ಟ್ರೀಯ ಮ್ಯೂಸಿಯಂ ತೆರೆಯಿತು. ಆದರೆ ಪೆನ್ಸಿಲ್ವೇನಿಯಕ್ಕೂ ಕೌಬಾಯ್‌ಗಳಿಗೂ ಯಾವ ನಂಟೂ ಇಲ್ಲದಿದ್ದರೂ, ಅಮೇರಿಕದ ಪಶ್ಚಿಮ ಸೀಮೆಯ ಮ್ಯೂಸಿಯಂ ಸ್ಥಾಪಿಸುವೆನೆಂದು ಅವರು ಸಾರ್ವಜನಿಕ ಹಣದಿಂದ ಲಕ್ಷಾಂತರ ಡಾಲರುಗಳ ಹಳೆಯ ವಸ್ತುಗಳನ್ನು ಕೊಂಡುತಂದರು. ಆ ಮ್ಯೂಸಿಯಂ ಆಗಲೇ ಇಲ್ಲ. ವಸ್ತುಗಳನ್ನು ಮುಂದೆ ಹರಾಜು ಹಾಕಬೇಕಾಯಿತು.

ಆದರೆ ನಗರವನ್ನು ಮುಳುಗಿಸಿದ್ದು ಮ್ಯೂಸಿಯಂ ಅಲ್ಲ, ಕಸ. 1970ರ ದಶಕದ ಆರಂಭದಲ್ಲಿ ಊರಿನ ಕಸವನ್ನು ಸುಟ್ಟು ಶಕ್ತಿಯನ್ನು ಉತ್ಪಾದಿಸುವ ಸ್ಥಾವರವೊಂದನ್ನು ಕಟ್ಟಲಾಗಿತ್ತು. ಅದು ಆರಂಭದಿಂದಲೂ ನಷ್ಟದಲ್ಲಿ ನಡೆಯಿತು. ಹಳೆಯ ಸಾಲ ತೀರಿಸಲು ಹೊಸ ಸಾಲ, ಅದರ ಬಡ್ಡಿ ಕಟ್ಟಲು ಇನ್ನೊಂದು ಸಾಲ ಎಂಬ ಚಕ್ರ ಸುತ್ತತೊಡಗಿತು. ವಿಷಕಾರಿ ಹೊಗೆಯ ಕಾರಣದಿಂದ 2003ರಲ್ಲಿ ಸ್ಥಾವರವನ್ನು ಮುಚ್ಚಬೇಕಾಗಿ ಬಂದಿತು. ಆಗಲೇ ನಿಲ್ಲಿಸಿದ್ದರೆ ನಷ್ಟ ಅಲ್ಲಿಗೆ ಮುಗಿಯುತ್ತಿತ್ತು. ಅದರ ಬದಲು ಸುಮಾರು 12.5 ಕೋಟಿ ಡಾಲರ್ ಸಾಲವೆತ್ತಿ ಅದನ್ನು ನವೀಕರಿಸಲು ಹೊರಟರು. ಗುತ್ತಿಗೆ ಪಡೆದ ಸಂಸ್ಥೆಗೆ ಕೆಲಸ ಪೂರೈಸಲಾಗಲಿಲ್ಲ. ಮತ್ತೊಂದು ಸಂಸ್ಥೆಯನ್ನು ಕರೆತರಲು ಮತ್ತಷ್ಟು ಸಾಲ ಬೇಕಾಯಿತು. 2010ರ ವೇಳೆಗೆ ಸ್ಥಾವರದ ಮೇಲಿನ ಸಾಲ 30 ಕೋಟಿ ಡಾಲರುಗಳ ಆಸುಪಾಸಿಗೆ ಬಂದು ನಿಂತಿತ್ತು. ನಗರದ ಇಡೀ ವರ್ಷದ ಸಾಮಾನ್ಯ ಬಜೆಟ್ಟಿನ ಸುಮಾರು ಐದು ಪಟ್ಟು!

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಲಗಾರ ಸ್ಥಾನದಲ್ಲಿದ್ದುದು ನಗರವಲ್ಲ. ಸ್ಥಾವರದ ಒಡೆತನವಿದ್ದ ಒಂದು ಪ್ರತ್ಯೇಕ ಪ್ರಾಧಿಕಾರ. ನಗರವು ಆ ಸಾಲಕ್ಕೆ ಜಾಮೀನು ನಿಂತಿತ್ತು. ನಗರಕ್ಕೆ ಆಗದಿದ್ದರೆ ಎಂದು ಡಾಫಿನ್ ಕೌಂಟಿಯು ಎರಡನೆಯ ಜಾಮೀನು ಕೊಟ್ಟಿತ್ತು. ಅದರ ಮೇಲೆ ವಿಮಾ ಸಂಸ್ಥೆಯ ಭರವಸೆ ಬೇರೆ. ಪ್ರತಿಯೊಬ್ಬರೂ ಇನ್ನೊಬ್ಬರ ಸಹಿಯನ್ನು ನೋಡಿ ಸಹಿ ಹಾಕಿದರೇ ಹೊರತು ಕಸ ಸುಟ್ಟು ಇಷ್ಟು ಹಣ ಹುಟ್ಟುವುದೇ ಎಂಬ ಮೂಲ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಬ್ಯಾಂಕಿನ ಶಾಖೆಯಲ್ಲಿ ಕುಳಿತವರೆಲ್ಲರೂ ಬಲ್ಲ ದೃಶ್ಯವಿದು. ಸ್ನೇಹಿತನ ಸಾಲದ ಅರ್ಜಿಗೆ ಜಾಮೀನು ಹಾಕಲು ಬರುವವರು ಕಾಗದವನ್ನು ಓದದೆ, ಎಲ್ಲಿ ಸಹಿ ಮಾಡಬೇಕೆಂದಷ್ಟೇ ಕೇಳುತ್ತಾರೆ. ಅದು ಬರಿಯ ದಾಕ್ಷಿಣ್ಯದ ಸಹಿಯಲ್ಲ, ನಿಮ್ಮದೇ ಸಾಲವೆಂದು ತಿಳಿಯಿರಿ ಎಂದು ಎಷ್ಟು ಹೇಳಿದರೂ ನಗುತ್ತಾ ಸಹಿ ಹಾಕಿ ಹೋಗುತ್ತಾರೆ. ವರ್ಷಗಳ ಬಳಿಕ ನೋಟೀಸು ತಲುಪಿದಾಗ ಅವರ ಮುಖದಲ್ಲಿ ಕಾಣುವ ದಿಗ್ಭ್ರಮೆಯನ್ನು ನಾನು ಬಹಳ ಸಲ ನೋಡಿದ್ದೇನೆ. ಹ್ಯಾರಿಸ್‌ಬರ್ಗಿನಲ್ಲಿ ಆ ದಿಗ್ಭ್ರಮೆ ಒಂದು ಇಡೀ ಊರಿನದಾಯಿತು.

ದಿವಾಳಿಯ ಅರ್ಜಿ ಮತ್ತು ಪರಿಹಾರ

2010ರ ಡಿಸೆಂಬರಿನಲ್ಲಿ ರಾಜ್ಯವು ಹ್ಯಾರಿಸ್‌ಬರ್ಗನ್ನು ಆರ್ಥಿಕ ಸಂಕಷ್ಟದ ನಗರವೆಂದು ಘೋಷಿಸಿತು. ರಾಜ್ಯವು ಮುಂದಿಟ್ಟ ಪರಿಹಾರ ಯೋಜನೆಯು ಸಾಲಕೊಟ್ಟವರನ್ನು ಕಾಪಾಡಿ ನಾಗರಿಕರನ್ನು ಹಿಂಡುತ್ತದೆ ಎಂದು ನಗರಸಭೆಯ ಬಹುಮತವು ಆಕ್ಷೇಪಿಸಿತು. 2011ರ ಅಕ್ಟೋಬರಿನಲ್ಲಿ ನಾಲ್ಕು ಮತ ಪರ, ಮೂರು ಮತ ವಿರೋಧವೆಂಬ ಅಲ್ಪ ಅಂತರದಿಂದ ದಿವಾಳಿ ಅರ್ಜಿ ಸಲ್ಲಿಸಲು ತೀರ್ಮಾನವಾಯಿತು. ಮೇಯರ್ ಲಿಂಡಾ ಥಾಂಪ್ಸನ್ ಅವರೇ ಅದನ್ನು ವಿರೋಧಿಸಿದರು. ಇಂಥ ನಗರಗಳು ದಿವಾಳಿಗೆ ಹೋಗದಂತೆ ರಾಜ್ಯವು ಕೆಲವೇ ತಿಂಗಳುಗಳ ಮುಂಚೆ ಶಾಸನ ಮಾಡಿತ್ತಾದ ಕಾರಣ ನವೆಂಬರಿನಲ್ಲಿ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ದಿವಾಳಿಯಾಗುವ ಸ್ವಾತಂತ್ರ್ಯವೂ ಊರಿಗಿರಲಿಲ್ಲ! ರಾಜ್ಯವು ನೇಮಿಸಿದ ರಿಸೀವರ್ ಡೇವಿಡ್ ಅಂಕೋವಿಕ್ ಅವರು ಕೆಲವೇ ತಿಂಗಳುಗಳಲ್ಲಿ ರಾಜೀನಾಮೆ ಕೊಟ್ಟು ಹೋದರು. ಅವರ ಸ್ಥಾನಕ್ಕೆ ವಾಯುಪಡೆಯ ನಿವೃತ್ತ ಮೇಜರ್ ಜನರಲ್ ವಿಲಿಯಂ ಲಿಂಚ್ ಅವರು ಬಂದರು.

ಕೊನೆಗೆ 2013ರಲ್ಲಿ ಒಪ್ಪಂದವೊಂದು ಸಿದ್ಧವಾಯಿತು. ಕಸದ ಸ್ಥಾವರವನ್ನು ನೆರೆಯ ಲ್ಯಾಂಕಾಸ್ಟರ್ ಕೌಂಟಿಯ ತ್ಯಾಜ್ಯ ನಿರ್ವಹಣಾ ಪ್ರಾಧಿಕಾರಕ್ಕೆ ಮಾರಲಾಯಿತು. ವಾಹನ ನಿಲುಗಡೆಯ ವ್ಯವಸ್ಥೆಯನ್ನು 40 ವರ್ಷಗಳ ಅವಧಿಗೆ ಗುತ್ತಿಗೆ ಕೊಡಲಾಯಿತು. ಸಾಲಕೊಟ್ಟವರೂ ಒಂದಿಷ್ಟು ಬಿಟ್ಟುಕೊಟ್ಟರು. ನಗರದೊಳಗಿನ ನಿವಾಸಿಗಳ ಗಳಿಕೆಯ ಮೇಲಿನ ತೆರಿಗೆಯನ್ನು ಶೇಕಡಾ 1ರಿಂದ 2ಕ್ಕೆ ಏರಿಸಲಾಯಿತು. ಮುಂದೆ, ಊರಿನಲ್ಲಿ ದುಡಿಯುವ ಪ್ರತಿಯೊಬ್ಬರೂ ಕಟ್ಟಬೇಕಾದ ಸ್ಥಳೀಯ ಸೇವಾ ತೆರಿಗೆಯನ್ನು ವರ್ಷಕ್ಕೆ 52 ಡಾಲರಿನಿಂದ 156 ಡಾಲರಿಗೆ ಹೆಚ್ಚಿಸಲು ಅನುಮತಿ ದೊರೆಯಿತು. ಹಗಲು ಬಂದು ಸಂಜೆ ಹೋಗುವವರಿಂದ ನಗರಕ್ಕೆ ಏನಾದರೂ ದಕ್ಕುವುದು ಈ ಒಂದು ತೆರಿಗೆಯಿಂದ. ನನ್ನ ದೃಷ್ಟಿಯಲ್ಲಿ ಇಡೀ ಪರಿಹಾರದಲ್ಲಿ ಅತ್ಯಂತ ನ್ಯಾಯವಾದ ಭಾಗ ಇದೇ; ಆದರೆ ಅದು ಬಂದದ್ದು ಊರು ಮುಳುಗಿದ ಮೇಲೆ.

ಹೊಣೆಗಾರಿಕೆಯ ವಿಷಯವೇನಾಯಿತು? ಅಮೇರಿಕದ ಷೇರು ಮತ್ತು ಬಂಡವಾಳ ನಿಯಂತ್ರಣ ಆಯೋಗವು 2013ರ ಮೇ ತಿಂಗಳಲ್ಲಿ ನಗರದ ಮೇಲೆಯೇ ಆರೋಪ ಹೊರಿಸಿತು. ಹಣಕಾಸಿನ ಸ್ಥಿತಿ ಕೆಡುತ್ತಿದ್ದಾಗ ಬಾಂಡು ಕೊಂಡವರಿಗೆ ಸರಿಯಾದ ಲೆಕ್ಕಪತ್ರ ಒದಗಿಸದೆ, ಸಾರ್ವಜನಿಕ ಭಾಷಣಗಳಲ್ಲಿ ಸ್ಥಿತಿಯನ್ನು ಚೆನ್ನಾಗಿ ತೋರಿಸಲಾಯಿತೆಂಬುದು ಆ ಆರೋಪ. ಸಾಲಪತ್ರದ ದಾಖಲೆಗಳ ಹೊರಗೆ, ಮೇಯರರ ಭಾಷಣದಂಥ ಮಾತುಗಳಿಗಾಗಿ ನಗರವೊಂದರ ಮೇಲೆ ಆಯೋಗವು ಕ್ರಮ ಕೈಗೊಂಡದ್ದು ಅದೇ ಮೊದಲು. ನಗರವು ದಂಡವಿಲ್ಲದೆ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು. ಮಾಜಿ ಮೇಯರ್ ರೀಡ್ ಅವರ ಮೇಲೆ 2015ರಲ್ಲಿ ಮೊಕದ್ದಮೆ ಹೂಡಲಾಯಿತು. 2017ರಲ್ಲಿ ಅವರು ಒಪ್ಪಿಕೊಂಡ ತಪ್ಪು, ಮ್ಯೂಸಿಯಂ ವಸ್ತುಗಳನ್ನು ತಮ್ಮಲ್ಲಿ ಇರಿಸಿಕೊಂಡ 20 ಆರೋಪಗಳಿಗೆ ಸೀಮಿತವಾದುದು. ಶಿಕ್ಷೆ ಎರಡು ವರ್ಷಗಳ ಪ್ರೊಬೇಷನ್. 2020ರಲ್ಲಿ ಅವರು ನಿಧನರಾದರು. ಕಸದ ಸ್ಥಾವರದ ಸಾಲಕ್ಕಾಗಿ ಸೆರೆಮನೆ ಸೇರಿದವರು ಯಾರೂ ಇಲ್ಲ. ಹಣ ತೆತ್ತವರು ಮಾತ್ರ ಇದ್ದಾರೆ.

ಹೊಸ ಜನ, ಹೊಸ ಸಾಲ

ಇಷ್ಟಾದರೂ ಊರು ಬದುಕಿದೆ. 2000ದಿಂದ 2020ರವರೆಗೆ ಜನಸಂಖ್ಯೆ ಸ್ವಲ್ಪಸ್ವಲ್ಪವೇ ಏರಿದೆ. ಅದಕ್ಕೆ ಮುಖ್ಯ ಕಾರಣ ಸ್ಪಾನಿಷ್ ಭಾಷಿಕರು ಮತ್ತಿತರ ವಲಸಿಗರು. 1990ರ ದಶಕದಲ್ಲಿ ಭೂತಾನಿನಿಂದ ಹೊರದೂಡಲ್ಪಟ್ಟು, ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ ನೇಪಾಳಿ ಭಾಷಿಕರಿಗೆ 2008ರಿಂದ ಅಮೇರಿಕವು ಆಶ್ರಯ ನೀಡಿತಷ್ಟೆ. ಅವರಲ್ಲಿ ಸಾವಿರಾರು ಮಂದಿ ಹ್ಯಾರಿಸ್‌ಬರ್ಗಿನ ಸುತ್ತಮುತ್ತ ನೆಲೆಸಿ ಅಂಗಡಿಗಳನ್ನೂ ದೇವಸ್ಥಾನಗಳನ್ನೂ ಕಟ್ಟಿಕೊಂಡಿದ್ದಾರೆ. ಪರನಾಡಿನಲ್ಲಿ ಸಂಘ ಕಟ್ಟಿ, ಹಬ್ಬ ಮಾಡಿ, ಮಕ್ಕಳಿಗೆ ಮಾತೃಭಾಷೆಯನ್ನು ಕಲಿಸುವ ಕಷ್ಟಸುಖ ನಮಗೇನೂ ಹೊಸತಲ್ಲ. ಆದರೆ ನಮಗೆ ಹಿಂದಿರುಗಲು ಒಂದು ಊರಿದೆ, ಅವರಿಗಿಲ್ಲ. 2025ರ ಮಾರ್ಚಿನಿಂದ ಅಮೇರಿಕವು ಅಪರಾಧ ಪ್ರಕರಣಗಳ ಹಿನ್ನೆಲೆಯಿದ್ದ ಕೆಲವರನ್ನು ಭೂತಾನಿಗೆ ಗಡೀಪಾರು ಮಾಡಿದಾಗ, ಭೂತಾನ್ ಅವರನ್ನು ಇರಗೊಡದೆ ಭಾರತದ ಗಡಿಗೆ ತಂದುಬಿಟ್ಟಿತೆಂದೂ ಅವರಲ್ಲಿ ಕೆಲವರು ಮತ್ತೆ ನೇಪಾಳವನ್ನೇ ಸೇರಿದರೆಂದೂ ವರದಿಯಾಯಿತು. ಪೆನ್ಸಿಲ್ವೇನಿಯದ ಆ ಮನೆಗಳಲ್ಲಿ ಭಯ ಮತ್ತೆ ಬಂದು ಕುಳಿತಿದೆ.

ಅದೇ 2025ರ ಏಪ್ರಿಲಿನಲ್ಲಿ ಗವರ್ನರ್ ಜಾಶ್ ಶಪೀರೊ ಅವರ ಕುಟುಂಬವು ಯಹೂದಿಯರ ಪಾಸೋವರ್ ಹಬ್ಬದ ರಾತ್ರಿ ನಿದ್ರಿಸುತ್ತಿದ್ದಾಗ ನದಿತೀರದ ಅವರ ಅಧಿಕೃತ ನಿವಾಸಕ್ಕೆ ಒಬ್ಬನು ಬೆಂಕಿಯಿಟ್ಟನು. ಕುಟುಂಬ ಪಾರಾಯಿತು, ತಪ್ಪೊಪ್ಪಿಕೊಂಡ ಅಪರಾಧಿಗೆ ದೀರ್ಘ ಸೆರೆವಾಸವಾಗಿದೆ. ಆ ವರ್ಷ ರಾಜ್ಯದ ಬಜೆಟ್ ಕೂಡ ನಾಲ್ಕು ತಿಂಗಳಿಗೂ ಹೆಚ್ಚು ತಡವಾಗಿ ನವೆಂಬರಿನಲ್ಲಿ ಅಂಗೀಕಾರವಾಯಿತು.

ಇವೆಲ್ಲಕ್ಕಿಂತ ದೂರಗಾಮಿಯಾದ ಬೆಳವಣಿಗೆಯೆಂದರೆ ತ್ರೀ ಮೈಲ್ ಐಲೆಂಡಿನದು. ಅಪಘಾತಕ್ಕೀಡಾಗದ ಒಂದನೆಯ ಘಟಕವು ಲಾಭವಿಲ್ಲವೆಂದು 2019ರಲ್ಲಿ ಮುಚ್ಚಿತ್ತು. 2024ರ ಸೆಪ್ಟೆಂಬರಿನಲ್ಲಿ ಕಾನ್‌ಸ್ಟೆಲೇಶನ್ ಸಂಸ್ಥೆಯು ಅದನ್ನು ಹೊಸ ಹೆಸರಿನಿಂದ ಪುನರಾರಂಭಿಸುವುದಾಗಿ ಘೋಷಿಸಿತು. ಸುಮಾರು 835 ಮೆಗಾವಾಟ್ ವಿದ್ಯುತ್ತಿಗೆ 20 ವರ್ಷಗಳ ಗಿರಾಕಿ ಮೈಕ್ರೋಸಾಫ್ಟ್. ಕೃತಕ ಬುದ್ಧಿಮತ್ತೆಯ ಗಣಕ ಕೇಂದ್ರಗಳ ಹಸಿವು ಅಷ್ಟಿದೆ. 2025ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಇದಕ್ಕೆ 100 ಕೋಟಿ ಡಾಲರ್ ಸಾಲವನ್ನು ಪ್ರಕಟಿಸಿತು. ಉದ್ಯೋಗ ಬರುವುದೆಂಬ ಸಂತೋಷ ಒಂದೆಡೆ, 1979ರ ನೆನಪು ಇನ್ನೊಂದೆಡೆ. ಕಸದ ಸ್ಥಾವರಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆಯೆಂಬುದನ್ನು ಒಪ್ಪಬೇಕು: ಇಲ್ಲಿ ಕೊಳ್ಳುವವರು ಮೊದಲೇ ಗೊತ್ತಾಗಿದ್ದಾರೆ, ನಗರದ ಜಾಮೀನನ್ನು ಯಾರೂ ಕೇಳಿಲ್ಲ. ಆದರೂ ಸಾಲ ಕೊಟ್ಟಿರುವುದು ಸಾರ್ವಜನಿಕ ಖಜಾನೆ. ಅಪಾಯದ ಸಮೀಪ ವಾಸಿಸುವವರು ನದಿತೀರದ ಜನ.

ನಮ್ಮ ದೇಶದಲ್ಲಿ ಬಾಂಡಿನ ಮೂಲಕ ಹಣವೆತ್ತಿದ ಮೊದಲ ನಗರ ನಮ್ಮ ಬೆಂಗಳೂರು. 1997ರಲ್ಲಿ 125 ಕೋಟಿ ರೂಪಾಯಿ, ಅದಕ್ಕೆ ರಾಜ್ಯ ಸರಕಾರದ ಜಾಮೀನು. ಮರುವರ್ಷ ಅಹಮದಾಬಾದ್ ಜಾಮೀನಿಲ್ಲದೆಯೇ 100 ಕೋಟಿ ಎತ್ತಿತು. 2017ರಲ್ಲಿ ಪುಣೆ 200 ಕೋಟಿ ಎತ್ತಿತು. ನಗರಗಳು ಸಾಲ ಮಾಡುವುದು ತಪ್ಪೆಂದು ಬ್ಯಾಂಕಿನವನಾದ ನಾನು ಹೇಳಲಾರೆ. ಮುಂದಿನ ತಲೆಮಾರು ಬಳಸುವ ನೀರಿನ ಕೊಳವೆಗೆ ಮುಂದಿನ ತಲೆಮಾರೂ ಹಣ ಕಟ್ಟುವುದು ನ್ಯಾಯವೇ. ಆದರೆ ಯೋಜನೆಯಿಂದ ಬರುವ ಆದಾಯದ ಬಲದ ಮೇಲೆ ಸಾಲ ಮಾಡುವುದು ಬೇರೆ, ಜಾಮೀನಿನ ಬಲದ ಮೇಲೆ ಸಾಲ ಮಾಡುವುದು ಬೇರೆ. ನಮ್ಮ ನಗರಪಾಲಿಕೆಗಳು ಮುಂದೆ ಬಾಂಡು ಹೊರಡಿಸಿದಾಗ ಪತ್ರಿಕೆಯಲ್ಲಿ ಮೊತ್ತವನ್ನು ಮಾತ್ರ ಓದಿ ಹೆಮ್ಮೆಪಡದೆ, ಹಣ ಎಲ್ಲಿಂದ ಹಿಂದಿರುಗುವುದು, ಜಾಮೀನು ಯಾರದು, ಲೆಕ್ಕ ವರ್ಷವರ್ಷವೂ ಪ್ರಕಟವಾಗುವುದೇ ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಮನೆಯ ಹಿರಿಯರಿಂದ ಕೇಳುತ್ತ ಬೆಳೆದವರು ನಾವು. ಹ್ಯಾರಿಸ್‌ಬರ್ಗಿನವರು ಚಾಚಿದ್ದು ನೆರೆಯವರ ಹಾಸಿಗೆಯ ಭರವಸೆಯ ಮೇಲೆ. ಇನ್ನೊಮ್ಮೆ ಮಕ್ಕಳನ್ನು ಕಾಣಲು ಫಿಲಡೆಲ್ಫಿಯದ ಕಡೆಗೆ ಹೋಗುವವರು ಎರಡು ಗಂಟೆಗಳ ಪ್ರಯಾಣ ಮಾಡಿ ಆ ಹಸಿರು ಗುಮ್ಮಟವನ್ನೂ ಅಗಲವಾದ ನದಿಯನ್ನೂ ನೋಡಿಬರಬಹುದು. ಗುಮ್ಮಟ ನಿಜಕ್ಕೂ ಸುಂದರವಾಗಿದೆ. ಅದರ ನೆರಳಿನಲ್ಲಿ ವಾಸವಾಗಿರುವವರು ಅದಕ್ಕಾಗಿ ತೆತ್ತ ಬೆಲೆಯನ್ನು ಕೂಡ ಆಗ ನೆನೆಯಬೇಕು.